ಶಾರದಮ್ಮ ‘ಶರದಮ’ ಆದ ಕಥೆ

ದಸರಾ ಮುಗಿದ ವಾರ ಅಮ್ಮ ಅರಸೀಕೆರೆಯಿಂದ ಟ್ರೇನ್ ಹತ್ತಿ ಬೆಂಗಳೂರಿಗೆ ಬಂದಿದ್ದಳು. ಒಂದು ಡಬ್ಬ ಚಕ್ಕುಲಿ, ನಾಲ್ಕು ತೆಂಗಿನಕಾಯಿ, ಮತ್ತೆ ‘ಇನ್ನೂ ಎಷ್ಟು ಹೊತ್ತು ಆ ಲ್ಯಾಪ್‌ಟಾಪ್ ಮುಂದೆ ಕೂತಿರ್ತೀಯಾ’ ಅನ್ನುವ ಪ್ರಶ್ನೆ, ಮೂರನ್ನೂ ತಂದಿದ್ದಳು.

ಶನಿವಾರ ಮಧ್ಯಾಹ್ನ. ನಾನು ಆಫೀಸಿನ ಕೆಲಸವನ್ನೇ ಮನೆಯಲ್ಲಿ ಮಾಡುತ್ತಿದ್ದೆ. ಒಂದು ಸಂಸ್ಥೆಯ ಸದಸ್ಯರ ನೋಂದಣಿಗಾಗಿ ನಮ್ಮ ಟೀಮ್ ಆ್ಯಪ್ ಮಾಡುತ್ತಿತ್ತು. ಇನ್ನೆರಡು ವಾರದಲ್ಲಿ ಬಿಡುಗಡೆ. ಅದರಲ್ಲಿ ಹೆಸರನ್ನು ಕನ್ನಡದಲ್ಲೂ ಹಾಕಬಹುದಿತ್ತು. ಅದೇ ನಮ್ಮ ಹೆಮ್ಮೆ. ಅಮ್ಮ ಸುಮ್ಮನೆ ಕೂತಿದ್ದಳಲ್ಲ, ಫೋನ್ ಕೈಗೆ ಕೊಟ್ಟು, ‘ಇದರಲ್ಲಿ ನಿನ್ನ ಹೆಸರು ಹಾಕಿ ನೋಡಮ್ಮ’ ಅಂದೆ.

ಹತ್ತು ನಿಮಿಷ ಮಾತೇ ಇಲ್ಲ. ಆಮೇಲೆ, ‘ಇದೇನೇ ಪುಟ್ಟಿ, ಹೆಸರಿನಲ್ಲಿ ಅಕ್ಷರಗಳು ಮಾತ್ರ ಇರಬೇಕು ಅನ್ನುತ್ತೆ. ನಾನು ಹಾಕಿರೋದೂ ಅಕ್ಷರಾನೇ ಅಲ್ವಾ?’

‘ಕೊನೇಲಿ ಸ್ಪೇಸ್ ಬಿದ್ದಿರುತ್ತೆ, ಅಳಿಸು’ ಅಂದೆ, ಸ್ಕ್ರೀನಿನಿಂದ ಕಣ್ಣು ತೆಗೆಯದೆ.

ಇನ್ನೊಂದೈದು ನಿಮಿಷ. ‘ಹಾಂ, ಬಿಡು. ಈಗ ತಗೊಳ್ತು.’

ತಿರುಗಿ ನೋಡಿದೆ. ಅಮ್ಮನ ನಿಜವಾದ ಹೆಸರನ್ನು ಇಲ್ಲಿ ಬರೆದರೆ ಅವಳು ಸುಮ್ಮನಿರೋಲ್ಲ. ಶಾರದಮ್ಮ ಅಂತ ಇಟ್ಟುಕೊಳ್ಳಿ. ಸ್ಕ್ರೀನಿನ ಮೇಲೆ ಇದ್ದದ್ದು ‘ಶರದಮ’. ಮೊದಲು ಒತ್ತು ತೆಗೆದು ನೋಡಿದ್ದಾಳೆ, ಆಗಿಲ್ಲ. ಆಮೇಲೆ ದೀರ್ಘವನ್ನೂ ತೆಗೆದಿದ್ದಾಳೆ. ಆಗ ಹಸಿರು ಟಿಕ್ ಬಂದಿದೆ.

ಅಮ್ಮ ಮೂವತ್ತು ವರ್ಷ ಒಂದನೇ ಕ್ಲಾಸಿನ ಮಕ್ಕಳಿಗೆ ಕನ್ನಡ ಕಲಿಸಿದವಳು. ಮದುವೆ ಪತ್ರಿಕೆಯಲ್ಲಿ ಒಂದು ಒತ್ತು ತಪ್ಪಿದರೂ ಕೆಂಪು ಪೆನ್ನು ಹುಡುಕುವವಳು. ಅಂಥವಳು ನನ್ನ ಆ್ಯಪ್ ಒಪ್ಪಲಿ ಅಂತ ತನ್ನ ಹೆಸರನ್ನೇ ತಪ್ಪಾಗಿ ಬರೆದಿದ್ದಳು. ಅದೂ ಬೇಜಾರಿಲ್ಲದೆ. ‘ಕಂಪ್ಯೂಟರಿಗೆ ಗೊತ್ತಾಗಲ್ಲ ಅನ್ಸುತ್ತೆ, ಹೋಗ್ಲಿ ಬಿಡು’ ಅಂದು ಕಾಫಿ ಮಾಡೋಕೆ ಎದ್ದಳು. ಆ ‘ಹೋಗ್ಲಿ ಬಿಡು’ ನನಗೆ ಎರಡು ದಿನ ಕಿವಿಯಲ್ಲೇ ಇತ್ತು.

ಸೋಮವಾರ ಬೆಳಗ್ಗೆ ಸ್ಟ್ಯಾಂಡಪ್ ಮೀಟಿಂಗಿನಲ್ಲಿ ಎಗರಾಡಿದೆ. ಆ ಫಾರ್ಮ್ ಬರೆದವನು ನಮ್ಮ ಟೀಮಿಗೆ ಹೊಸದಾಗಿ ಸೇರಿದ ಹುಡುಗ. ‘ಕನ್ನಡದ ಒಂದು ಹೆಸರು ಹಾಕಿ ಟೆಸ್ಟ್ ಮಾಡೋಕೂ ಆಗಲಿಲ್ವಾ?’ ಅಂತ ಎಲ್ಲರ ಮುಂದೆ ಕೇಳಿಬಿಟ್ಟೆ. ಅವನು ವಾದ ಮಾಡಲಿಲ್ಲ. ಮೀಟಿಂಗ್ ಮುಗಿದ ಮೇಲೆ ನನ್ನ ಸೀಟಿನ ಹತ್ತಿರ ಬಂದು ಲ್ಯಾಪ್‌ಟಾಪ್ ತಿರುಗಿಸಿ ತೋರಿಸಿದ.

‘ಟೆಸ್ಟ್ ಮಾಡಿದ್ದೆ. ನಮ್ಮ ಲೈಬ್ರರಿಯ ಈ ಫಂಕ್ಷನ್ನೇ ಬಳಸಿದ್ದೀನಿ. ಅದರ ಮೇಲೆ ಹೀಗೆ ಬರೆದಿದೆ, ನೋಡಿ.’

ಫಂಕ್ಷನ್ ಮೇಲೆ ಒಂದೇ ಒಂದು ಸಾಲಿನ ವಿವರಣೆ: ‘ಪಠ್ಯದಲ್ಲಿ ಅಕ್ಷರಗಳು ಮಾತ್ರ ಇದ್ದರೆ ನಿಜ. ಎಲ್ಲ ಭಾಷೆಗಳಿಗೂ ಕೆಲಸ ಮಾಡುತ್ತದೆ.’ ಮೂಲದಲ್ಲಿ ಇಂಗ್ಲಿಷಿನಲ್ಲಿತ್ತು, ಅರ್ಥ ಇಷ್ಟೇ. ಅದರ ಕೆಳಗೆ ಟೆಸ್ಟ್‌ಗಳು. ಕನ್ನಡದ್ದೂ ಮೂರು ಇದ್ದವು: ಕಮಲ, ಬಸವ, ಸರಳ. ಮೂರೂ ಪಾಸ್.

ಗಿಟ್‌ನಲ್ಲಿ ‘ಬ್ಲೇಮ್’ ಅಂತ ಒಂದು ಕಮಾಂಡ್ ಇದೆ. ಯಾವ ಸಾಲನ್ನು ಯಾರು ಯಾವತ್ತು ಬರೆದರು ಅಂತ ತೋರಿಸುತ್ತೆ. ಓಡಿಸಿ ನೋಡಿದೆ. ಆ ಫಂಕ್ಷನ್ ಬರೆದವಳು ನಾನೇ. ಮೂರು ವರ್ಷದ ಹಿಂದೆ. ಆ ಒಂದು ಸಾಲೂ ನನ್ನದೇ, ಕಮಲ, ಬಸವ, ಸರಳ ಕೂಡ ನನ್ನವೇ. ಹುಡುಗ ಏನೂ ಹೇಳಲಿಲ್ಲ. ಹೇಳಿದ್ದರೇ ಚೆನ್ನಾಗಿತ್ತು.

ಅವತ್ತು ಸಂಜೆ ಮನೆಯಲ್ಲಿ ಪೈಥಾನ್ ತೆರೆದು ಕೂತೆ. ನನ್ನ ಫಂಕ್ಷನ್ ಒಳಗಡೆ ಮಾಡುತ್ತಿದ್ದದ್ದು ಇಷ್ಟೇ: ಪೈಥಾನಿನ ‘ಈಸ್‌ಆಲ್ಫಾ’ ಅನ್ನುವ ಪರೀಕ್ಷೆಯನ್ನು ಕರೆಯುವುದು. ಒಂದೊಂದೇ ಹೆಸರು ಹಾಕುತ್ತಾ ಹೋದೆ. ‘ಬಸವ’ ಹಾಕಿದರೆ ನಿಜ. ‘ಬಸವಣ್ಣ’ ಹಾಕಿದರೆ ಸುಳ್ಳು. ‘ಕಮಲ’ ನಿಜ, ‘ಕಮಲಾ’ ಸುಳ್ಳು. ‘ಗಂಗಾ’ ಸುಳ್ಳು. ಕೊನೆಗೆ ‘ಕನ್ನಡ’ ಅಂತಲೇ ಹಾಕಿದೆ. ಅದೂ ಸುಳ್ಳು!

ಅಮ್ಮ ಸೊಪ್ಪು ಬಿಡಿಸುತ್ತಾ ಪಕ್ಕದಲ್ಲೇ ಕೂತು ನೋಡುತ್ತಿದ್ದಳು. ನಾನು ಪಾಸಾದದ್ದನ್ನು ಒಂದು ಕಡೆ, ಫೇಲಾದದ್ದನ್ನು ಇನ್ನೊಂದು ಕಡೆ ಬರೆದುಕೊಳ್ಳುತ್ತಿದ್ದೆ. ಪಟ್ಟಿ ನೋಡಿ ಅವಳು ನಕ್ಕಳು.

‘ಇದಕ್ಕೆ ಇನ್ನೂ ಕಾಗುಣಿತ ಆಗಿಲ್ಲ ಕಣೇ.’

‘ಅಂದ್ರೆ?’

‘ಒಂದನೇ ಕ್ಲಾಸಿನಲ್ಲಿ ನಾವು ಮೊದಲು ಕಲಿಸೋದು ಇಂಥ ಪದಗಳನ್ನೇ. ಸರ, ಅರಸ, ಗರಗಸ, ಬಸವ, ಕಮಲ. ಇಳಿ, ಕೊಂಬು ಏನೂ ಇರಲ್ಲ. ಕಾಗುಣಿತ ಆಮೇಲೆ. ಒತ್ತಕ್ಷರ ಅದಾದ ಮೇಲೆ. ನೀನು ಮೊದಲ ಪಾಠದ ಪದಗಳನ್ನ ಮಾತ್ರ ಕೇಳಿ ಮಗುವನ್ನ ಪಾಸ್ ಮಾಡಿದ್ದೀಯ.’

ಇಂಜಿನಿಯರಿಂಗ್ ಓದಿ, ಏಳೆಂಟು ವರ್ಷ ಕೆಲಸ ಮಾಡಿದವಳಿಗೆ ಕಾಣದ್ದು ಅವಳಿಗೆ ಸೊಪ್ಪು ಬಿಡಿಸುತ್ತಾ ಕಂಡಿತು.

ಏನಾಗಿತ್ತು ಅಂತ ಸ್ವಲ್ಪ ಬಿಡಿಸಿ ಹೇಳುತ್ತೇನೆ. ಕೋಡ್ ಬರೆಯದವರಿಗೂ ಇದು ಅರ್ಥ ಆಗುತ್ತೆ, ಯಾಕೆಂದರೆ ಇದು ಕಾಗುಣಿತದ ವಿಷಯ.

ನಿಮ್ಮ ಫೋನಿನಲ್ಲಿ ಕನ್ನಡ ಕಾಣಿಸುವುದು ಯುನಿಕೋಡ್‌ನಿಂದ. ಜಗತ್ತಿನ ಲಿಪಿಗಳ ಪ್ರತಿಯೊಂದು ಚಿಹ್ನೆಗೂ ಅದು ಒಂದು ಸಂಖ್ಯೆ ಕೊಡುತ್ತೆ. 1991ರಲ್ಲಿ ಬಂದ ಮೊದಲ ಆವೃತ್ತಿಯಲ್ಲೇ ಕನ್ನಡ ಇತ್ತು. ಸಂಖ್ಯೆಯ ಜೊತೆಗೆ ಪ್ರತಿ ಚಿಹ್ನೆಗೂ ಒಂದು ಜಾತಿ ಪ್ರಮಾಣಪತ್ರವೂ ಇದೆ: ಇದು ಲೆಟರ್, ಇದು ಮಾರ್ಕ್, ಇದು ನಂಬರ್, ಇದು ವಿರಾಮಚಿಹ್ನೆ, ಹೀಗೆ 7 ದೊಡ್ಡ ಗುಂಪುಗಳು, ಒಳಗೆ 30 ವರ್ಗಗಳು.

ನಮ್ಮ ಅ, ಆ, ಇ, ಕ, ಖ, ಗ ಎಲ್ಲಾ ಲೆಟರ್ ಗುಂಪಿನವು. ಆದರೆ ‘ಕಾ’ ಅನ್ನುವುದಕ್ಕೆ ಯುನಿಕೋಡ್‌ನಲ್ಲಿ ಬೇರೆ ಸಂಖ್ಯೆ ಇಲ್ಲ. ಮೊದಲು ‘ಕ’, ಅದರ ಹಿಂದೆ ಇಳಿ. ಆ ಇಳಿಗೆ ಪ್ರತ್ಯೇಕ ಸಂಖ್ಯೆ ಇದೆ, ಆದರೆ ಅದು ಮಾರ್ಕ್. ಗುಡಿಸು, ಕೊಂಬು, ಏತ್ವ, ಸೊನ್ನೆ, ವಿಸರ್ಗ ಎಲ್ಲವೂ ಮಾರ್ಕ್‌ಗಳೇ. ಪದದ ಮೊದಲಲ್ಲಿ ಬರುವ ‘ಇ’ ಲೆಟರ್, ಅದೇ ಸ್ವರ ‘ಕಿ’ಯ ತಲೆಯ ಮೇಲೆ ಗುಡಿಸಾಗಿ ಕೂತರೆ ಮಾರ್ಕ್. ಒತ್ತಕ್ಷರಕ್ಕಂತೂ ಸ್ವಂತ ಸಂಖ್ಯೆಯೇ ಇಲ್ಲ. ‘ಮ್ಮ’ ಅಂದರೆ ಮ, ಅದರ ಹಿಂದೆ ವಿರಾಮ ಅನ್ನುವ ಚಿಹ್ನೆ, ಮತ್ತೆ ಮ. ಆ ವಿರಾಮವೂ ಮಾರ್ಕ್.

ಹಾಗಾಗಿ ‘ಶಾರದಮ್ಮ’ ನಮ್ಮ ಕಣ್ಣಿಗೆ ನಾಲ್ಕಕ್ಷರ. ಕಂಪ್ಯೂಟರಿಗೆ ಏಳು ಚಿಹ್ನೆ: ಐದು ಲೆಟರ್, ಎರಡು ಮಾರ್ಕ್. ‘ಈಸ್‌ಆಲ್ಫಾ’ ಕೇಳುವುದು ‘ಎಲ್ಲವೂ ಲೆಟರಾ?’ ಅಂತ. ಉತ್ತರ ಇಲ್ಲ. ಅಮ್ಮ ಆ ಎರಡು ಮಾರ್ಕ್ ಕಿತ್ತು ಹಾಕಿದಳು. ಒತ್ತಿನ ಜೊತೆ ಒಂದು ‘ಮ’ ಕೂಡ ಹೋಯಿತು. ಉಳಿದ ನಾಲ್ಕು ಲೆಟರ್ ಪಾಸಾದವು.

ಯುನಿಕೋಡ್‌ನದು ತಪ್ಪಾ? ಅಲ್ಲ. ಇಳಿ, ಗುಡಿಸು ಒಂಟಿಯಾಗಿ ನಿಲ್ಲುವುದಿಲ್ಲ, ಹಿಂದಿನ ಅಕ್ಷರಕ್ಕೆ ಅಂಟಿಕೊಂಡೇ ಇರುತ್ತವೆ ಅಂತ ತಂತ್ರಾಂಶಕ್ಕೆ ಗೊತ್ತಾಗಬೇಕಲ್ಲ. ಸಾಲು ಮುರಿಯುವಾಗ, ಕರ್ಸರ್ ಸರಿಸುವಾಗ ಅದು ಬೇಕೇ ಬೇಕು. ಪೈಥಾನ್‌ದೂ ತಪ್ಪಲ್ಲ. ಅದರ ದಾಖಲೆಯನ್ನು ಅವತ್ತು ರಾತ್ರಿ ಮೊದಲ ಸಲ ಪೂರ್ತಿ ಓದಿದೆ. ‘ಈಸ್‌ಆಲ್ಫಾ’ ಯಾವ್ಯಾವ ಐದು ವರ್ಗಗಳನ್ನು ಮಾತ್ರ ಲೆಟರ್ ಅಂತ ಎಣಿಸುತ್ತೆ ಅಂತ ಅಲ್ಲಿ ಹೇಳಿದ್ದಾರೆ. ಯುನಿಕೋಡ್‌ನ ‘ಆಲ್ಫಬೆಟಿಕ್’ ಅನ್ನುವ ಇನ್ನೊಂದು ಗುಣಕ್ಕೂ ಇದಕ್ಕೂ ವ್ಯತ್ಯಾಸ ಇದೆ ಅಂತಲೂ ಎಚ್ಚರಿಸಿದ್ದಾರೆ.

ನಾನು ಆ ಎಚ್ಚರಿಕೆಯನ್ನು ಒರೆಸಿ ಹಾಕಿ, ಅದರ ಜಾಗದಲ್ಲಿ ‘ಎಲ್ಲ ಭಾಷೆಗಳಿಗೂ ಕೆಲಸ ಮಾಡುತ್ತದೆ’ ಅಂತ ಬರೆದಿದ್ದೆ. ಆಮೇಲೆ ಆ್ಯಪಿನ ತಪ್ಪು ಸಂದೇಶ ಬರೆದವರು ಅದೇ ಮಾತನ್ನು ಕನ್ನಡಕ್ಕೆ ತಂದು ‘ಅಕ್ಷರಗಳು ಮಾತ್ರ’ ಅಂದರು. ಲೆಟರ್ ಅನ್ನುವ ತಾಂತ್ರಿಕ ಪದ ಎರಡು ಕೈ ದಾಟಿ ಅಕ್ಷರ ಆಯಿತು. ಕನ್ನಡದವರಿಗೆ ಅಕ್ಷರ ಅಂದರೆ ‘ಶಾ’ ಕೂಡ ಅಕ್ಷರ, ‘ಮ್ಮ’ ಕೂಡ ಅಕ್ಷರ. ಮೂವತ್ತು ವರ್ಷ ಅಕ್ಷರ ಕಲಿಸಿದವಳಿಗೆ ನಾವು ‘ನಿನ್ನದು ಅಕ್ಷರ ಅಲ್ಲ’ ಅಂದಿದ್ದೆವು.

ಮಂಗಳವಾರ ಆ ಹುಡುಗನ ಹತ್ತಿರ ಕ್ಷಮೆ ಕೇಳಿದೆ. ಸ್ಟ್ಯಾಂಡಪ್‌ನಲ್ಲೇ, ಬೈದಷ್ಟೇ ಜನರ ಮುಂದೆ. ಆಮೇಲೆ ಇಬ್ಬರೂ ಕೂತು ಸರಿಮಾಡೋಣ ಅಂದೆ.

ಕೋಡ್ ಸರಿಮಾಡುವುದು ಸುಲಭ ಅಂದುಕೊಂಡಿದ್ದೆವು. ‘ಲೆಟರ್ ಬದಲು ಆಲ್ಫಬೆಟಿಕ್ ಗುಣ ನೋಡಿದರೆ ಆಯ್ತಲ್ಲ?’ ಅಂದ ಅವನು. ಒಳ್ಳೆಯ ಯೋಚನೆಯೇ. ಇಳಿ, ಗುಡಿಸು, ಸೊನ್ನೆ ಎಲ್ಲವೂ ಆ ಗುಣದಲ್ಲಿ ಸೇರುತ್ತವೆ. ‘ಶಾರದಾ’ ಪಾಸಾಯಿತು. ‘ಶಾರದಮ್ಮ’ ಮತ್ತೆ ಫೇಲ್! ಒತ್ತು ಕೊಡುವ ವಿರಾಮ ಚಿಹ್ನೆ ಆ ಗುಣಕ್ಕೂ ಹೊರಗೇ. ಕಾಗುಣಿತ ಆಯ್ತು, ಒತ್ತಕ್ಷರ ಬಾಕಿ.

ರೆಗ್ಯುಲರ್ ಎಕ್ಸ್‌ಪ್ರೆಶನ್ ಬಳಸೋಣ ಅಂದರೆ ಅಲ್ಲಿ ಇನ್ನೊಂದು ತಮಾಷೆ. ‘ಪದದಲ್ಲಿ ಬರುವ ಚಿಹ್ನೆ’ ಅನ್ನುವುದಕ್ಕೆ ಎಲ್ಲ ಕಡೆ ಒಂದೇ ಗುರುತು, ಬ್ಯಾಕ್‌ಸ್ಲ್ಯಾಶ್ ಮತ್ತು ಡಬ್ಲ್ಯೂ. ಆದರೆ ಅರ್ಥ ಬೇರೆ ಬೇರೆ. ಜಾವಾಸ್ಕ್ರಿಪ್ಟ್‌ನಲ್ಲಿ ಅದಕ್ಕೆ ಕನ್ನಡವೇ ಗೊತ್ತಿಲ್ಲ. ಪೈಥಾನ್‌ನಲ್ಲಿ ‘ಕ’ ಗೊತ್ತು, ಇಳಿ ಗೊತ್ತಿಲ್ಲ. ಜಾವಾದಲ್ಲಿ ಸುಮ್ಮನೆ ಬಳಸಿದರೆ ಇಂಗ್ಲಿಷ್ ಮಾತ್ರ, ‘ಯುನಿಕೋಡ್ ಕ್ಯಾರೆಕ್ಟರ್ ಕ್ಲಾಸ್’ ಅನ್ನುವ ಸ್ವಿಚ್ ಹಾಕಿದರೆ ಮಾರ್ಕ್‌ಗಳ ಸಮೇತ ಇಡೀ ಕನ್ನಡ. ಒಂದೇ ಗುರುತು ನೋಡಿ ಒಂದೇ ಅರ್ಥ ಅಂದುಕೊಂಡವರು ಎಡವುವುದು ಖಂಡಿತ.

ಇದರ ಮೇಲೆ ಕಣ್ಣಿಗೆ ಕಾಣದ ಚಿಹ್ನೆಗಳು. ‘ರಾಜ್‌ಕುಮಾರ್’ ಅಂತ ಬರೆಯುವಾಗ ಜ್ ಮತ್ತು ಕು ಬೆರೆತು ಒತ್ತಕ್ಷರ ಆಗದಂತೆ ನಡುವೆ ಒಂದು ಅದೃಶ್ಯ ಚಿಹ್ನೆ ಕೂತಿರುತ್ತೆ. ಅದು ಲೆಟರೂ ಅಲ್ಲ, ಮಾರ್ಕೂ ಅಲ್ಲ. ಅದನ್ನೂ ಬಿಡಬೇಕು. ಇನಿಷಿಯಲ್ ಇಲ್ಲದ ಹೆಸರು ನಮ್ಮ ಕಡೆ ಅಪರೂಪ, ಹಾಗಾಗಿ ಚುಕ್ಕಿ ಬೇಕು, ಸ್ಪೇಸ್ ಬೇಕು. ಆದರೆ ಹೆಸರು ಇಳಿಯಿಂದಲೋ ಕೊಂಬಿನಿಂದಲೋ ಶುರುವಾಗಬಾರದು. ಕೊನೆಗೆ ಲೆಟರ್, ಮಾರ್ಕ್, ಆ ಅದೃಶ್ಯ ಚಿಹ್ನೆ, ಚುಕ್ಕಿ, ಸ್ಪೇಸ್ ಎಲ್ಲವನ್ನೂ ಒಪ್ಪುವ, ಹೆಸರುಗಳಿಗೆಂದೇ ಹೊಸ ಫಂಕ್ಷನ್ ಬರೆದೆವು. ಒಂದು ದಿನದ ಕೆಲಸ.

ಹಳೆಯ ಫಂಕ್ಷನ್ ತೆಗೆಯುವಂತಿರಲಿಲ್ಲ. ಅದನ್ನು ಬೇರೆ ಟೀಮ್‌ಗಳೂ ಬಳಸುತ್ತಿದ್ದವು, ಕೆಲವು ಕಡೆ ಅದು ಮಾಡುತ್ತಿದ್ದದ್ದೇ ಸರಿಯಾಗಿತ್ತು. ಅಲ್ಲಿ ಬದಲಾಗಬೇಕಿದ್ದದ್ದು ಕೋಡ್ ಅಲ್ಲ, ಅದರ ಮೇಲಿದ್ದ ನನ್ನ ಒಂದು ಸಾಲು. ಆ ಸಾಲಿಗೆ ಎರಡು ದಿನ ಹಿಡಿಯಿತು.

ಮೊದಲ ಸಲ ಎಂಟು ಸಾಲು ಬರೆದೆ. ಜನರಲ್ ಕ್ಯಾಟಗರಿ, ನಾನ್‌ಸ್ಪೇಸಿಂಗ್ ಮಾರ್ಕ್, ಸ್ಪೇಸಿಂಗ್ ಮಾರ್ಕ್, ಎಲ್ಲವೂ ಬಂತು. ಒಂದು ಪದವೂ ತಪ್ಪಿರಲಿಲ್ಲ. ಹುಡುಗ ಓದಿ ಸ್ವಲ್ಪ ಹೊತ್ತು ಸುಮ್ಮನಿದ್ದ. ‘ಸರಿಯಾಗಿದೆ. ಆದರೆ ಆರು ತಿಂಗಳ ಹಿಂದೆ ನಾನು ಇದನ್ನ ಓದಿದ್ದಿದ್ದರೂ ಇದೇ ತಪ್ಪು ಮಾಡ್ತಿದ್ದೆ’ ಅಂದ.

‘ಯಾಕೆ?’

‘ಕನ್ನಡ ಹೆಸರಿಗೆ ಇದನ್ನ ಬಳಸಬೇಡ ಅಂತ ಇದರಲ್ಲಿ ಎಲ್ಲೂ ಹೇಳಿಲ್ಲ. ನಾನೇ ಲೆಕ್ಕ ಹಾಕಿ ಕಂಡುಕೊಳ್ಳಬೇಕು.’

ಅವನ ಮಾತು ಸತ್ಯವಾಗಿತ್ತು. ಮೊದಲ ಸಲ ನಾನು ಓದುವವನಿಗೆ ಮೋಸ ಮಾಡಿದ್ದು ಕಡಿಮೆ ಹೇಳಿ. ಈ ಸಲ ಮಾಡಹೊರಟಿದ್ದದ್ದು ನನಗೆ ಎಷ್ಟು ಗೊತ್ತು ಅಂತ ತೋರಿಸಿ. ಫಂಕ್ಷನ್ ಹುಡುಕಿಕೊಂಡು ಬರುವವನ ಕೈಯಲ್ಲಿ ಒಂದು ಕೆಲಸ ಇರುತ್ತೆ, ತಲೆಯಲ್ಲಿ ಒಂದೇ ಪ್ರಶ್ನೆ ಇರುತ್ತೆ: ನನ್ನ ಕೆಲಸಕ್ಕೆ ಇದು ಆಗುತ್ತಾ, ಇಲ್ವಾ? ಅದಕ್ಕೆ ಉತ್ತರ ಇಲ್ಲದ ಮೇಲೆ ಉಳಿದದ್ದೆಲ್ಲ ಸರಿಯಿದ್ದು ಏನು ಪ್ರಯೋಜನ?

ಆಗ ಅಮ್ಮನ ಪಟ್ಟಿ ನೆನಪಾಯಿತು. ಕೊನೆಗೆ ನಿಂತ ವಿವರಣೆ ಹೆಚ್ಚುಕಡಿಮೆ ಹೀಗಿದೆ:

‘ಪಠ್ಯದ ಪ್ರತಿಯೊಂದು ಚಿಹ್ನೆಯೂ ಯುನಿಕೋಡ್‌ನ ಲೆಟರ್ ಗುಂಪಿಗೆ ಸೇರಿದ್ದರೆ ನಿಜ. ಕನ್ನಡ, ಹಿಂದಿ, ತಮಿಳಿನಂಥ ಲಿಪಿಗಳ ಸ್ವರ ಚಿಹ್ನೆ ಮತ್ತು ವಿರಾಮ ಚಿಹ್ನೆಗಳು ಆ ಗುಂಪಿನಲ್ಲಿ ಇಲ್ಲ. ಬಸವ: ನಿಜ. ಬಸವಣ್ಣ: ಸುಳ್ಳು. ಸ್ಪೇಸ್ ಇದ್ದರೂ ಸುಳ್ಳು. ಜನರ ಹೆಸರು ಪರೀಕ್ಷಿಸಲು ಇದನ್ನು ಬಳಸಬೇಡಿ, ಅದಕ್ಕೆ ಬೇರೆ ಫಂಕ್ಷನ್ ಇದೆ.’ ಅದರ ಮುಂದೆ ಆ ಫಂಕ್ಷನ್ನಿನ ಹೆಸರು. ಅಷ್ಟೇ.

ರಿವ್ಯೂಗೆ ಕಳಿಸಿದೆ. ಒಬ್ಬರು, ‘ಬರೀ ಡಾಕ್ಯುಮೆಂಟೇಶನ್ ತಾನೇ, ಬಿಡುಗಡೆ ಆದ ಮೇಲೆ ಹಾಕಿದರಾಗಲ್ವಾ’ ಅಂದರು. ಮೂರು ವರ್ಷದ ಹಿಂದೆ ನಾನೂ ಹಾಗೇ ಅಂದುಕೊಂಡಿದ್ದೆ. ಶುಕ್ರವಾರ ಸಂಜೆ ಕೆಲಸ ಮುಗಿಸುವ ಆತುರದಲ್ಲಿ ಬರೆದ ಸಾಲು ಅದು. ಈ ಸಲ ಬಿಡಲಿಲ್ಲ. ‘ಶರದಮ’ನ ಸ್ಕ್ರೀನ್‌ಶಾಟ್ ಅಂಟಿಸಿದೆ. ‘ಇದು ನಮ್ಮಮ್ಮ’ ಅಂತ ಒಂದೇ ಸಾಲು ಕೆಳಗೆ. ಅರ್ಧ ಗಂಟೆಯಲ್ಲಿ ಅಪ್ರೂವ್ ಆಯಿತು. ಮಾರನೇ ದಿನ ಇನ್ನೊಂದು ಟೀಮಿನವರು ಮೆಸೇಜ್ ಮಾಡಿದರು: ‘ನಾವೂ ವಿಳಾಸಕ್ಕೆ ಇದನ್ನೇ ಬಳಸಿದ್ವಿ. ಈಗ ನೋಡಿದ್ವಿ, ಥ್ಯಾಂಕ್ಸ್.’ ಕೋಡ್‌ನಲ್ಲಿ ಒಂದು ಚುಕ್ಕಿಯೂ ಬದಲಾಗದೆ ಒಂದು ತಪ್ಪು ಸರಿಹೋಗಿತ್ತು.

ಆ್ಯಪಿನ ತಪ್ಪು ಸಂದೇಶವನ್ನೂ ಬದಲಾಯಿಸಿದೆವು. ಈಗ ‘ಅಕ್ಷರಗಳು ಮಾತ್ರ’ ಅನ್ನುವುದಿಲ್ಲ. ‘ಹೆಸರಿನಲ್ಲಿ 4 ಎಂಬ ಅಂಕಿ ಇದೆ, ದಯವಿಟ್ಟು ಪರಿಶೀಲಿಸಿ’ ಅಂತ ಯಾವುದು ತೊಂದರೆಯೋ ಅದನ್ನೇ ತೋರಿಸುತ್ತೆ. ಟೆಸ್ಟ್ ಪಟ್ಟಿಯನ್ನು ಅಮ್ಮನೇ ಕೊಟ್ಟಳು. ಒಂದನೇ ಕ್ಲಾಸಿನ ಹಾಜರಿ ಪುಸ್ತಕ ನೆನಪಿಸಿಕೊಂಡು ಒಂದು ಹಾಳೆ ತುಂಬ ಹೆಸರು ಬರೆದಳು. ಇಳಿ, ಗುಡಿಸು, ಕೊಂಬು, ಸೊನ್ನೆ, ಒತ್ತು, ಅರ್ಕಾವತ್ತು, ಯಾವುದನ್ನೂ ಬಿಟ್ಟಿರಲಿಲ್ಲ.

ನೀವು ಕೋಡ್ ಬರೆಯುವವರಾದರೆ ಒಂದು ಕೆಲಸ ಮಾಡಿ. ನಿಮ್ಮ ಪ್ರಾಜೆಕ್ಟಿನಲ್ಲಿ ಹೆಸರು ತಗೊಳ್ಳುವ ಜಾಗದಲ್ಲಿ ನಿಮ್ಮಮ್ಮನ ಹೆಸರನ್ನು ನಿಮ್ಮ ಭಾಷೆಯಲ್ಲೇ ಹಾಕಿ ನೋಡಿ. ಆಮೇಲೆ ನೀವು ಬರೆದ ಯಾವುದಾದರೂ ಹಳೆಯ ಫಂಕ್ಷನ್ ತೆಗೆದು ಮೇಲಿನ ವಿವರಣೆ ಓದಿ. ‘ಇದು ಏನು ಮಾಡಲ್ಲ’ ಅಂತ ಅದರಲ್ಲಿ ಇದೆಯಾ? ಕೋಡ್ ಬರೆಯದವರಾದರೆ, ಮುಂದಿನ ಸಲ ಯಾವುದೋ ಆ್ಯಪ್ ನಿಮ್ಮ ಹೆಸರು ತಪ್ಪು ಅಂದಾಗ ದಯವಿಟ್ಟು ‘ಹೋಗ್ಲಿ ಬಿಡು’ ಅನ್ನಬೇಡಿ. ಹೆಸರು ಸರಿಯಾಗಿಯೇ ಇರುತ್ತೆ. ಒಂದು ದೂರು ಬರೆಯಿರಿ. ಆ ಕಡೆ ನನ್ನಂಥವಳು ಯಾರೋ ಇರುತ್ತಾಳೆ.

ಬಿಡುಗಡೆ ಆದ ದಿನ ಅಮ್ಮ ಊರಿನಲ್ಲಿದ್ದಳು. ಫೋನ್ ಮಾಡಿ, ‘ಈಗ ಹಾಕಿ ನೋಡಮ್ಮ’ ಅಂದೆ. ಕೀಬೋರ್ಡಿನ ಟಕಟಕ ಕೇಳಿಸಿತು.

‘ತಗೊಳ್ತು ಕಣೇ. ಒತ್ತು, ದೀರ್ಘ ಎಲ್ಲಾ ಸರಿಯಾಗಿದೆ.’

ನಾನು ಉಸಿರು ಬಿಡುವಷ್ಟರಲ್ಲಿ, ‘ಆದರೆ ಕೆಳಗೆ ಸರ್‌ನೇಮ್ ಕಡ್ಡಾಯ ಅಂತಿದೆಯಲ್ಲೇ. ನನಗೆಲ್ಲಿದೆ ಸರ್‌ನೇಮು?’

ಅದಕ್ಕೂ ಒಂದು ಟಿಕೆಟ್ ಹಾಕಿದ್ದೇನೆ.